ಹಳೇ ಕೂಗು

ಆ ಭಾನುವಾರ ಬೆಳಿಗ್ಗೆ ನ್ಯಾಮತಿಯಲ್ಲಿ ಬಸ್ಸು ಹತ್ತಿದಾಗ ನನ್ನ ಪಿಎಚ್‌ಡಿಗೆ ಉಳಿದಿದ್ದದ್ದು ಒಂದೇ ಒಂದು ಗಂಟೆ. ಸೋಮವಾರ ಹನ್ನೊಂದರಿಂದ ಹನ್ನೆರಡು. ದೂರದ ಯಾವುದೋ ದೇಶದಲ್ಲಿರುವ ಕ್ವಾಂಟಮ್ ಯಂತ್ರವೊಂದನ್ನು ಆ ಒಂದು ಗಂಟೆ ನಾನು ಇಂಟರ್‌ನೆಟ್ಟಿನ ಮೂಲಕ ಓಡಿಸಬಹುದಿತ್ತು. ಆ ಗಂಟೆಯಲ್ಲಿ ಫಲಿತಾಂಶ ಬಂದರೆ ಪ್ರಬಂಧ ಬರೆಯುವುದು. ಬರದಿದ್ದರೆ ತಿಂಗಳ ಕೊನೆಗೆ ನೋಂದಣಿ ಮುಗಿಯುತ್ತದೆ, ಇನ್ನು ವಿಸ್ತರಣೆ ಇಲ್ಲ. "ಇಲ್ಲಿಗೆ ನಿಲ್ಲಿಸೋಣ ಮೇಡಂ" ಎಂದು ನನ್ನ ಮಾರ್ಗದರ್ಶಕರು ಫೋನಿನಲ್ಲಿ ಬಹಳ ಮೃದುವಾಗಿ ಹೇಳಿದ್ದರು. ಅವರು ಗದರಿದ್ದರೆ ನಾನೂ ಗದರಬಹುದಿತ್ತು. ಮೃದುವಾಗಿ ಮಾತಾಡುವವರ ಜೊತೆ ಜಗಳ ಆಡುವುದು ನನಗೆ ಇವತ್ತಿಗೂ ಬರುವುದಿಲ್ಲ.

ನನ್ನ ಮನೆ ನ್ಯಾಮತಿಯಲ್ಲಿ, ಹೊನ್ನಾಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಕೆಲಸದ ಜೊತೆಗೇ ಪಿಎಚ್‌ಡಿಗೆ ಸೇರಿ ಆಗ ಆರು ವರ್ಷ ದಾಟಿತ್ತು. ಆರು ವರ್ಷದಲ್ಲಿ ನಾನು ಸಾಧಿಸಿ ತೋರಿಸಿದ್ದು ಇಷ್ಟೇ: ನಾನು ರಿಪೇರಿಗೆ ಕೈಹಾಕಿದ್ದೆಲ್ಲ, ಕೈಹಾಕದೆ ಬಿಟ್ಟಿದ್ದಕ್ಕಿಂತ ಬೇಗ ಕೆಡುತ್ತದೆ. ಇದನ್ನು ಸ್ಟಾಫ್ ರೂಮಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟಿದ್ದೆ. ಚನ್ನಗಿರಿಯಿಂದ ದಿನಾ ಬೈಕಿನಲ್ಲಿ ಬರುವ ಕೆಮಿಸ್ಟ್ರಿ ಮೇಷ್ಟ್ರು ಅದನ್ನು ಹಿಡಿದುಕೊಂಡರು. ಫ್ಯಾನ್ ಕೆಟ್ಟರೂ, ಗಡಿಯಾರ ನಿಂತರೂ, "ಮೇಡಂ ಮುಟ್ಟಿರಬೇಕು ನೋಡ್ರಿ" ಎನ್ನುವರು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ, ಆದರೆ ಮನೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದೆ.

ನನ್ನ ವಿಷಯ ಏನೆಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಹೆದರಬೇಡಿ. ಕ್ವಾಂಟಮ್ ಯಂತ್ರದಲ್ಲಿ ಮಾಹಿತಿಯನ್ನು ಹಿಡಿದಿಡುವ ತುಣುಕಿಗೆ ಕ್ಯೂಬಿಟ್ ಅನ್ನುತ್ತಾರೆ. ಅದು ಸೊನ್ನೆ ಮತ್ತು ಒಂದು ಬೆರೆತ ನಾಜೂಕಿನ ಸ್ಥಿತಿಯಲ್ಲಿರುತ್ತದೆ. ಸುತ್ತಲಿನ ಒಂದಿಷ್ಟು ಶಾಖ, ಎಲ್ಲಿಂದಲೋ ಬಂದ ಒಂದಿಷ್ಟು ವಿದ್ಯುತ್ ಗದ್ದಲ ತಾಗಿದರೆ ಸಾಕು, ಆ ಸ್ಥಿತಿ ಕದಡಿಹೋಗುತ್ತದೆ. ಇದಕ್ಕೆ ಡಿಕೊಹೆರೆನ್ಸ್ ಎಂದು ಹೆಸರು. ಕದಡಿದೆಯೋ ಇಲ್ಲವೋ ಎಂದು ನೇರವಾಗಿ ನೋಡೋಣವೆಂದರೆ, ನೋಡಿದರೂ ಕೆಡುತ್ತದೆ. ಈ ಹಟಮಾರಿಯನ್ನು ಕಾಪಾಡಲು ಒಂದು ಉಪಾಯವಿದೆ. ಒಂದೇ ಸ್ಥಿತಿಯನ್ನು ಮೂರು ಕ್ಯೂಬಿಟ್ಟುಗಳಿಗೆ ಹಂಚಿ ಇಡುವುದು. ಅವುಗಳ ಪಕ್ಕದಲ್ಲಿ ಇಬ್ಬರು ಕಾವಲುಗಾರರಂತೆ ಇನ್ನೆರಡು ಕ್ಯೂಬಿಟ್ ಇಡುವುದು. ಕಾವಲುಗಾರರನ್ನು "ನಿನ್ನ ಅಕ್ಕಪಕ್ಕದ ಜೋಡಿ ಒಂದಕ್ಕೊಂದು ಹೊಂದುತ್ತಿದೆಯಾ?" ಎಂದಷ್ಟೇ ಕೇಳುವುದು, ಒಳಗೆ ಏನಿದೆ ಎಂದು ಕೇಳಬಾರದು. ಜೋಡಿ ಹೊಂದುತ್ತಿಲ್ಲ ಎಂದು ಉತ್ತರ ಬಂದರೆ ಕೆಟ್ಟ ಕ್ಯೂಬಿಟ್ ಯಾವುದೆಂದು ಲೆಕ್ಕ ಹಾಕಿ, ಅದನ್ನು ತಕ್ಷಣ ತಿರುಗಿಸಿ ಸರಿಮಾಡುವುದು. ಕೇಳುವುದು, ತಿದ್ದುವುದು, ಮತ್ತೆ ಕೇಳುವುದು, ಮತ್ತೆ ತಿದ್ದುವುದು. ಎಲ್ಲ ಬಗೆಯ ಕೆಡುಕಿಗೂ ಇದು ಮದ್ದಲ್ಲ, ಒಂದು ಬಗೆಗೆ ಮಾತ್ರ, ಆದರೆ ಅದನ್ನು ಮಾಡಿ ತೋರಿಸಿದರೇ ನನಗೆ ಡಿಗ್ರಿ ಸಿಗುತ್ತಿತ್ತು.

ತೊಂದರೆ ಏನೆಂದರೆ ಕಾವಲುಗಾರರು ಆಗಾಗ ಸುಳ್ಳು ಹೇಳುತ್ತಾರೆ. ಒಂದು ಉತ್ತರ ನಂಬಿ ಓಡಿದರೆ ಸರಿ ಇದ್ದದ್ದನ್ನು ಕೆಡಿಸಿ ಬರುತ್ತೇವೆ. ಅದಕ್ಕೆ ಹಿಂದಿನ ಹತ್ತಾರು ಉತ್ತರಗಳನ್ನು ನೆನಪಿನಲ್ಲಿಟ್ಟುಕೊಂಡು, ದೂರು ಹೆಚ್ಚಾಗಿದೆ ಎಂದು ಖಚಿತವಾದ ಮೇಲೆಯೇ ತಿದ್ದುವಂತೆ ಪ್ರೋಗ್ರಾಮ್ ಮಾಡಿದ್ದೆವು. ಕಾಗದದ ಮೇಲೆ ಎಲ್ಲವೂ ಸರಿ ಇತ್ತು. ಗ್ರಾಫಿನಲ್ಲಿ ಗೆರೆ ಮೇಲಿದ್ದಷ್ಟೂ ಸ್ಥಿತಿ ಕೆಡದೆ ಉಳಿದಿದೆ ಎಂದರ್ಥ. ಓಡಿಸಿದರೆ ಮಾತ್ರ ನನ್ನ ಗೆರೆ ಪ್ರತಿಸಲವೂ ಕೆಳಗೆ. ತಿದ್ದದೆ ಬಿಟ್ಟ ಕ್ಯೂಬಿಟ್ಟಿನ ಗೆರೆ ಅದರ ಮೇಲೆ ಆರಾಮಾಗಿ ಮಲಗಿರುತ್ತಿತ್ತು. ಅದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದುಹೋಗಿತ್ತು.

ಇಂಥ ಹೊತ್ತಿನಲ್ಲಿ ಶನಿವಾರ ಸಂಜೆ ಬಿಳಿಚೋಡಿನಿಂದ ಅಕ್ಕನ ಫೋನು. ಅಕ್ಕನನ್ನು ಕೊಟ್ಟ ಮನೆಯವರು ಕುರಿ ಸಾಕುತ್ತಾರೆ. ಹೊಲದಲ್ಲಿ ಕಾಲು ಉಳುಕಿಸಿಕೊಂಡು ಕೂತಿದ್ದಳು.

"ಮರಿ ಬಿಡಾಕೆ ಕಟ್ಟಾಕೆ ಯಾರೂ ಇಲ್ಲ ಕಣೆ. ನಿಮ್ ಭಾವ ದೊಡ್ಡ ಹಿಂಡು ಹೊಡ್ಕೊಂಡು ಹೊರಗೆ ಹೋಗ್ಯಾರೆ. ಈದ ಕುರಿ ಅಷ್ಟೇ ಮನೆ ತಾವ ಅದಾವೆ. ನೀನೊಂದಿನ ಬಂದು ಹೋಗು."

"ಸೋಮವಾರ ನಂದೊಂದು ಪರೀಕ್ಷೆ ಐತೆ ಅಕ್ಕ."

"ನಲವತ್ತು ದಾಟೈತೆ, ಇನ್ನೂ ಪರೀಕ್ಷೆ ಮುಗೀಲಿಲ್ವಾ ನಿಂದು?"

ಬೈಯಬೇಕು ಅಂದುಕೊಂಡೆ. ಆದರೆ ಮನೆಯಲ್ಲೇ ಕೂತಿದ್ದರೆ ಭಾನುವಾರ ಪೂರ್ತಿ ಅದೇ ಗೆರೆಯನ್ನು ದುರುಗುಟ್ಟಿ ನೋಡುತ್ತಾ ಕೂರುತ್ತಿದ್ದೆ ಎನ್ನುವುದೂ ಗೊತ್ತಿತ್ತು. ಸೋಮವಾರಕ್ಕೆ ರಜಾ ಅರ್ಜಿ ಕಳಿಸಿ, ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ ಬ್ಯಾಗಿಗೆ ತುರುಕಿ ಹೊರಟೆ. ಬಿಳಿಚೋಡಿನಿಂದ ಜಗಳೂರು ಎಷ್ಟು ದೂರ ಮಹಾ, ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಒಳ್ಳೆಯ ನೆಟ್‌ವರ್ಕ್ ಹಿಡಿದರಾಯಿತು ಎಂದುಕೊಂಡೆ.

ಅಕ್ಕನ ಮನೆಯ ಹಿಂದೆ ಮುಳ್ಳುಬೇಲಿ ಕಟ್ಟಿದ ರೊಪ್ಪವಿದೆ, ಕುರಿಗಳು ತಂಗುವ ಜಾಗ. ಅದರ ಮೂಲೆಯಲ್ಲಿ ಎಳೆ ಮರಿಗಳಿಗೆ ಬೇರೆ ಗೂಡು. ಹಗಲು ತಾಯಿಕುರಿಗಳು ಮೇಯಲು ಹೋದಾಗ ಮರಿಗಳು ಗೂಡಿನಲ್ಲೇ ಇರುತ್ತವೆ. ಆ ದಿನ ಪಕ್ಕದ ಮನೆಯವರು ತಮ್ಮ ಕುರಿಗಳ ಜೊತೆ ಅಕ್ಕನವನ್ನೂ ಮೇಯಿಸಿಕೊಂಡು ಬಂದು, ಹೊತ್ತು ಇಳಿಯುವಾಗ ರೊಪ್ಪಕ್ಕೆ ಬಿಟ್ಟು ಹೋದರು. ಇನ್ನು ಗೂಡಿನ ಬಾಗಿಲು ತೆಗೆದು ಮರಿಗಳನ್ನು ತಾಯಂದಿರ ಹತ್ತಿರ ಬಿಡುವ ಕೆಲಸ ನನ್ನದು. ಅಕ್ಕ ಉಳುಕಿದ ಕಾಲನ್ನು ಕಲ್ಲಿನ ಮೇಲಿಟ್ಟುಕೊಂಡು ಹೊರಗೆ ಮಂಚದ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು.

"ಎಷ್ಟು ಮರಿ ಅದಾವೆ ಇದರಾಗೆ?" ಎಂದು ಕೇಳಿದೆ.

"ಎಣಿಸಬ್ಯಾಡ. ನಮ್ಮನೇಲಿ ಎಣಿಸಲ್ಲ."

"ಎಣಿಸದೆ ಒಂದು ಕಮ್ಮಿ ಆದ್ರೆ ಹೆಂಗೆ ಗೊತ್ತಾಗತೈತೆ?"

"ಬಿಡು ನೋಡು, ಗೊತ್ತಾಗತೈತೆ."

ಬಿಟ್ಟೆ. ಅದು ನೋಡಲು ನಿಜಕ್ಕೂ ಚೆಂದ. ಎಲ್ಲ ಮರಿಗಳೂ ಒಟ್ಟಿಗೆ ನುಗ್ಗಿ, ಎಲ್ಲ ತಾಯಂದಿರೂ ಒಟ್ಟಿಗೆ ಕೂಗಿ, ಸಂತೆಯೇ ಸಂತೆ. ಸ್ವಲ್ಪ ಹೊತ್ತಿಗೆ ಒಂದೊಂದು ಮರಿಯೂ ತನ್ನ ತಾಯಿಯ ಕೆಚ್ಚಲಿಗೆ ಬಾಯಿ ಹಾಕುತ್ತದೆ. ಜೋಡಿ ಕೂಡಿದ ಕಡೆ ಸದ್ದು ನಿಲ್ಲುತ್ತದೆ, ಕೂಡದ ಕಡೆ ಮಾತ್ರ ಕೂಗು ಉಳಿಯುತ್ತದೆ. ಯಾರೂ ಎಣಿಸಬೇಕಿಲ್ಲ, ಹೊಂದದ ಜೋಡಿ ತಾನಾಗಿಯೇ ಹೇಳಿಕೊಳ್ಳುತ್ತದೆ. ಇದು ನನ್ನ ಕಾವಲುಗಾರರ ಕೆಲಸವೇ ಅಲ್ಲವೇ ಎಂದು ಆಗಲೇ ಹೊಳೆದು ನಗು ಬಂತು. ಆರು ವರ್ಷದಿಂದ ಪಾಠ ಮಾಡಲು ಉದಾಹರಣೆ ಹುಡುಕುತ್ತಿದ್ದವಳು, ಅಕ್ಕನ ರೊಪ್ಪಕ್ಕೆ ಒಂದು ಸಲವೂ ಸಂಜೆ ಹೊತ್ತಿನಲ್ಲಿ ಬಂದಿರಲಿಲ್ಲ.

ಎಲ್ಲ ಸುಮ್ಮನಾದ ಮೇಲೆ ಬೇಲಿಯ ಹತ್ತಿರ ಕಪ್ಪು ಮೂತಿಯ ಕುರಿಯೊಂದು ಕೂಗುತ್ತಲೇ ಇತ್ತು. ಅದರ ಮರಿ ಗೂಡಿನ ಹಿಂದೆ ಸೌದೆಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆದು ತಂದು ತಾಯಿಯ ಹತ್ತಿರ ಬಿಟ್ಟೆ. ಮರಿ ಕುಡಿಯಲು ಶುರುಮಾಡಿತು. ಆದರೆ ತಾಯಿ ತಲೆ ಎತ್ತಿಕೊಂಡು ಇನ್ನೂ ಕೂಗುತ್ತಿದೆ. ನಾನು ವಿಜ್ಞಾನದವಳು ನೋಡಿ, ಕೂಗುತ್ತಿದೆ ಎಂದರೆ ಜೋಡಿ ಹೊಂದಿಲ್ಲ ಎಂದು ತೀರ್ಮಾನಿಸಿದೆ. ಆ ಮರಿಯನ್ನು ಕೆಚ್ಚಲಿನಿಂದ ಕಿತ್ತು, ಪಕ್ಕದಲ್ಲಿ ಅಂಥದ್ದೇ ಕಾಣುತ್ತಿದ್ದ ಇನ್ನೊಂದು ಮರಿಯನ್ನು ತಂದು ಇಟ್ಟೆ. ಕುರಿ ಅದನ್ನು ಗುಮ್ಮಿ ಎಸೆಯಿತು. ಆ ಮರಿಯ ತಾಯಿ ಕೂಗಲು ಶುರುಮಾಡಿತು. ಕೈಯಲ್ಲಿದ್ದ ಮೊದಲನೆಯ ಮರಿಯನ್ನು ಅದಕ್ಕೆ ಕೊಟ್ಟು ನೋಡಿದೆ. ಅದೂ ಒದೆಯಿತು. ಐದು ನಿಮಿಷದಲ್ಲಿ ಇಡೀ ರೊಪ್ಪ ಮತ್ತೆ ಎದ್ದು ಕೂಗತೊಡಗಿತು.

ಅಕ್ಕ ಮಂಚದ ಮೇಲಿಂದ ನನಗೆ ಕೊಟ್ಟ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಬರೆಯಬಹುದಾದದ್ದು ಇಷ್ಟು.

"ಮೊದಲು ತಂದಿದ್ದೇ ಅದರ ಮರಿ ಕಣೆ. ಯಾಕೆ ಕಿತ್ತೆ?"

"ಕೂಗ್ತಾನೇ ಇತ್ತಲ್ಲ ಅಕ್ಕ."

"ಅದು ಹಳೇ ಕೂಗು. ಮರಿ ಕಾಣದೆ ಇದ್ದಾಗಿನ ಕೂಗು ಅದು. ಸಿಕ್ಕ ತಕ್ಷಣ ನಿಲ್ಲಸಾಕೆ ಅದೇನು ರೇಡಿಯೋನಾ? ಕೊಟ್ಟ ಮೇಲೆ ಕಿವಿ ಮುಚ್ಕೊಂಡು ನಿಂತ್ಕೋಬೇಕು. ಆಮೇಲೆ ಹೊಸದಾಗಿ ಕೂಗಿದ್ರೆ ನೋಡಬೇಕು."

ಮರಿಯನ್ನು ಎತ್ತಿಕೊಂಡೇ ನಿಂತುಬಿಟ್ಟೆ. ನನ್ನ ಪ್ರೋಗ್ರಾಮು ಹತ್ತಾರು ಹಳೆಯ ಉತ್ತರಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ದೂರು ಹೆಚ್ಚಾದರೆ ತಿದ್ದುತ್ತದೆ. ಸರಿ. ತಿದ್ದಿದ ಮೇಲೆ ಆ ನೆನಪನ್ನು ಏನು ಮಾಡುತ್ತದೆ? ಅಳಿಸುತ್ತದೆಯೋ, ಹಾಗೇ ಇಟ್ಟುಕೊಂಡಿರುತ್ತದೆಯೋ? ಹಾಗೇ ಇಟ್ಟುಕೊಂಡಿದ್ದರೆ ಮುಂದಿನ ಸುತ್ತಿನಲ್ಲೂ ಹಳೆಯ ದೂರುಗಳೇ ಹೆಚ್ಚಿರುತ್ತವೆ. ಅದನ್ನು ನಂಬಿ ಸರಿಯಾದ ಕ್ಯೂಬಿಟ್ಟನ್ನು ಮತ್ತೆ ತಿರುಗಿಸಿದರೆ, ತಿದ್ದಿದ್ದು ಮತ್ತೆ ಕೆಟ್ಟಂತೆ. ಕೆಮಿಸ್ಟ್ರಿ ಮೇಷ್ಟ್ರು ಹೇಳುತ್ತಿದ್ದದ್ದು ಅಕ್ಷರಶಃ ನಿಜ, ನಾನು ಮುಟ್ಟಿದ್ದೇ ಕೆಡುತ್ತಿತ್ತು.

"ಅಕ್ಕ, ಇದನ್ನ ಹಿಡ್ಕ" ಎಂದು ಮರಿಯನ್ನು ಅವಳ ಮಡಿಲಿಗೆ ಹಾಕಿ ಒಳಗೆ ಓಡಿದೆ. "ಎಲ್ಲಿಗೆ ಹೋಗ್ತಿಯೆ, ಗೂಡಿನ ಬಾಗ್ಲು ತೆಗೆದೇ ಐತೆ" ಎಂದು ಅವಳು ಹಿಂದಿನಿಂದ ಕೂಗುತ್ತಿದ್ದಳು. ಹಿಕ್ಕೆ ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡೇ ಲ್ಯಾಪ್‌ಟಾಪ್ ತೆಗೆದೆ. ತಿದ್ದುಪಡಿ ಮಾಡುವ ಭಾಗ ನಾನು ಬರೆದದ್ದಲ್ಲ. ನಮ್ಮ ಸಂಶೋಧನಾ ಗುಂಪಿನಲ್ಲಿ ಮೊದಲಿನಿಂದ ಎಲ್ಲರೂ ಬಳಸುತ್ತಿದ್ದ ಹಳೆಯ ಪ್ರೋಗ್ರಾಮ್ ತುಣುಕು, ಯಾರು ಬರೆದದ್ದೋ ಗೊತ್ತಿರಲಿಲ್ಲ. ಉಳಿದವರೆಲ್ಲ ಒಂದೇ ಸಲ ತಿದ್ದಿ ಮುಗಿಸುವ ಲೆಕ್ಕ ಮಾಡುತ್ತಿದ್ದರು, ಅವರಿಗೆ ತೊಂದರೆಯಾಗಿರಲಿಲ್ಲ. ಮತ್ತೆ ಮತ್ತೆ ತಿದ್ದುವ ಲೆಕ್ಕ ನನ್ನೊಬ್ಬಳದೇ. ನಾನಾದರೂ ಆ ತುಣುಕನ್ನು ಬಿಚ್ಚಿ ಓದಬೇಕಿತ್ತು. ಎಲ್ಲರೂ ಬಳಸುವುದು ಸರಿಯಾಗಿಯೇ ಇರುತ್ತದೆ ಎಂದು ಆರು ವರ್ಷ ನಂಬಿಕೊಂಡು, ಬೇರೆಲ್ಲ ಕಡೆ ತಪ್ಪು ಹುಡುಕಿದ್ದೆ.

ಬಿಚ್ಚಿ ಓದಿದೆ. ತಿದ್ದಿದ ಮೇಲೆ ನೆನಪನ್ನು ಅಳಿಸುವ ಸಾಲು ಎಲ್ಲಿಯೂ ಇರಲಿಲ್ಲ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರೂ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ, ಒಂದೇ ಒಂದು ಸಾಲು ಸೇರಿಸಿದೆ: ತಿದ್ದಿದ ಕೂಡಲೇ ಹಿಂದಿನ ದೂರುಗಳನ್ನೆಲ್ಲ ಸೊನ್ನೆ ಮಾಡು. ನಿಜವಾದ ಯಂತ್ರವಿಲ್ಲದೆಯೂ ಲ್ಯಾಪ್‌ಟಾಪಿನೊಳಗೇ ಒಂದು ನಕಲಿ ಓಟ ಓಡಿಸಿ ನೋಡಬಹುದು. ಓಡಿಸಿದೆ. ಅಕ್ಕ ಗೋಡೆ ಹಿಡಿದುಕೊಂಡು ಕುಂಟುತ್ತಾ ಒಳಗೆ ಬರುವಷ್ಟರಲ್ಲಿ ಪರದೆಯ ಮೇಲೆ ಗ್ರಾಫು ಮೂಡಿತ್ತು. ನನ್ನ ಗೆರೆ ಮೇಲಿತ್ತು.

ಆರು ವರ್ಷದಲ್ಲಿ ಮೊದಲ ಸಲ ಮೇಲಿತ್ತು. ನಾನು ಅಕ್ಕನ ಎರಡೂ ಕೈ ಹಿಡಿದುಕೊಂಡು ಕುಣಿದೇಬಿಟ್ಟೆ. ಅವಳು ಕಾಲು ನೋವಿಗೆ ಮುಖ ಕಿವುಚುತ್ತಾ, ನಗುತ್ತಾ, "ಏನಾತೆ ನಿಂಗೆ, ಗಾಳಿ ಏನಾದ್ರೂ ಬಡೀತಾ?" ಎಂದಳು.

"ಮೇಲೈತೆ ನೋಡಕ್ಕ, ಈ ಕೆಂಪು ಗೆರೆ ಮೇಲೈತೆ."

"ಮೇಲಿದ್ರೆ ಪಾಸಾ?"

"ನಾಳೆ ನಿಜವಾದ ಮೆಷಿನ್ನಿನಾಗೂ ಮೇಲೇ ಇದ್ರೆ ಪಾಸು."

"ಹಂಗಾದ್ರೆ ನಾಳೆ ಆದ್ಮೇಲೆ ಕುಣಿ" ಎಂದು ಕೈ ಬಿಡಿಸಿಕೊಂಡಳು. ಆಮೇಲೆ ನಾನೇ ಹೋಗಿ ರೊಪ್ಪ ಸರಿಮಾಡಿದೆ. ಮರಿಗಳನ್ನು ಅವವುಗಳ ತಾಯಿಗೆ ಬಿಟ್ಟು, ಕಿವಿ ಮುಚ್ಚಿಕೊಂಡು ನಿಂತೆ.

ಸೋಮವಾರ ಹತ್ತು ಗಂಟೆಗೆಲ್ಲ ಜಗಳೂರಿನಲ್ಲಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್, ಆನ್‌ಲೈನ್ ಅರ್ಜಿ, ಪಹಣಿ ಪ್ರಿಂಟು ಎಲ್ಲ ಮಾಡಿಕೊಡುವ ಒಂದು ಅಂಗಡಿ ಸಿಕ್ಕಿತು. ಒಳ್ಳೆಯ ಇಂಟರ್‌ನೆಟ್ ಲೈನು, ಕರೆಂಟು ಹೋದರೆ ಯುಪಿಎಸ್ಸು. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ ಅರ್ಜಿ ಮೇಡಂ? ಆಧಾರ್ ತಂದಿದೀರಾ?"

"ಅರ್ಜಿ ಅಲ್ಲ. ಹನ್ನೊಂದರಿಂದ ಹನ್ನೆರಡು ನಿಮ್ಮ ಲೈನು ಬೇಕು. ಆ ಒಂದು ಗಂಟೆ ಬೇರೆ ಯಾರೂ ಡೌನ್‌ಲೋಡು ಗೀನ್‌ಲೋಡು ಮಾಡಾಂಗಿಲ್ಲ."

"ಆನ್‌ಲೈನ್ ಎಕ್ಸಾಮಾ?"

"ಹೌದು, ಎಕ್ಸಾಮೇ" ಎಂದೆ. ಅದಕ್ಕಿಂತ ಸರಿಯಾದ ಮಾತು ನನ್ನ ಬಳಿ ಇರಲಿಲ್ಲ. ಅವರು ಗಂಭೀರವಾಗಿ ತಲೆಯಾಡಿಸಿ, ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟರು.

ಹತ್ತೂವರೆಗೆ ಮಾರ್ಗದರ್ಶಕರಿಗೆ ಫೋನು ಮಾಡಿ, ಒಂದು ಸಾಲು ಸೇರಿಸಿದ್ದೇನೆ, ಹೊಸದನ್ನೇ ಓಡಿಸುತ್ತೇನೆ ಎಂದೆ.

"ಇಷ್ಟು ಕೊನೇ ಗಳಿಗೆಯಲ್ಲಿ ಬೇಡ ಮೇಡಂ. ಪಿಎಚ್‌ಡಿ ಸಮಿತಿ ಒಪ್ಪಿಕೊಂಡಿರೋದು ಹಳೇ ಪ್ರೋಗ್ರಾಮನ್ನ. ಎರಡನ್ನೂ ಓಡಿಸೋಕೆ ಒಂದು ಗಂಟೆ ಸಾಲೋದಿಲ್ಲ. ಹೊಸದು ಕೈಕೊಟ್ಟರೆ ಬರೆಯೋಕೆ ಏನೂ ಉಳಿಯೋದಿಲ್ಲ."

"ಹಳೇದು ಓಡಿಸಿದ್ರೆ ಏನು ಬರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು ಸರ್."

"ಸೋತರೂ ಒಪ್ಪಿದ ದಾರಿಯಲ್ಲೇ ಸೋತಿದ್ದು ಅಂತಾಗುತ್ತೆ."

ಆ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. "ನನಗೆ ಸೋಲೋದು ಬೇಕಿಲ್ಲ ಸರ್. ಆರು ವರ್ಷ ನೀವು ಹೇಳಿದ್ದೆಲ್ಲ ಕೇಳಿದೀನಿ. ಈ ಒಂದು ಗಂಟೆ ನಂದು" ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಜೆರಾಕ್ಸಿಗೆ ಬಂದಿದ್ದ ಇಬ್ಬರು ತಿರುಗಿ ನೋಡಿದರು. ಮಾರ್ಗದರ್ಶಕರು ಮತ್ತೆ ಮೃದುವಾಗಿಯೇ, "ಸರಿ, ಆ ಸಾಲನ್ನ ನನಗೆ ಕಳಿಸಿ, ನೋಡ್ತೀನಿ. ಓಡಿಸೋದು ನಿಮ್ಮಿಷ್ಟ" ಎಂದು ಫೋನು ಇಟ್ಟರು. ತಿದ್ದಿದ ತುಣುಕನ್ನು ಕಳಿಸಿದೆ. ಹನ್ನೊಂದಾಯಿತು.

ಹೊಸದನ್ನೇ ಓಡಿಸಿದೆ. ಮೊದಲು ತಿದ್ದದೆ ಬಿಟ್ಟ ಕ್ಯೂಬಿಟ್ಟು, ಆಮೇಲೆ ತಿದ್ದುಪಡಿಯದು. ಯಂತ್ರದಲ್ಲಿ ಒಂದೊಂದು ಓಟವೂ ಕಣ್ಣು ಮಿಟುಕಿಸುವ ಮೊದಲೇ ಮುಗಿಯುತ್ತದೆ, ಆದರೆ ಸಾವಿರಾರು ಸಲ ಓಡಿಸಿ ಸರಾಸರಿ ತೆಗೆಯಬೇಕು, ಅದಕ್ಕೆ ಸಾಲಿನಲ್ಲಿ ಕಾಯಬೇಕು. ಕಾಲು ಗಂಟೆ ಹೋಯಿತು. ಅರ್ಧ ಗಂಟೆ ಹೋಯಿತು. ಹೊರಗೆ ಯಾರೋ ಪಹಣಿ ಕೇಳಿದರೆ ಅಂಗಡಿಯವರು, "ಒಳಗೆ ಎಕ್ಸಾಮು ನಡೀತೈತೆ, ಹನ್ನೆರಡಕ್ಕೆ ಬರ್ರಿ" ಎಂದು ವಾಪಸು ಕಳಿಸುತ್ತಿದ್ದರು. ನಡುವೆ ಕರೆಂಟು ಹೋಗಿ ಫ್ಯಾನು ನಿಂತಿತು. ಯುಪಿಎಸ್ಸು ಕೀಂ ಎಂದು ಒಂದೇ ಸಮನೆ ಅರಚಿತು, ಆದರೆ ಲೈನು ಉಳಿಯಿತು. ಹನ್ನೊಂದು ನಲವತ್ತರ ಸುಮಾರಿಗೆ ಮೊದಲ ಬಿಂದು ಬಂತು. ಎರಡೂ ಗೆರೆ ಒಂದೇ ಕಡೆ. ಎರಡನೆಯದು ಬಂತು. ಕೆಂಪು ಕೂದಲೆಳೆಯಷ್ಟು ಮೇಲೆ. ಮೂರನೆಯದು ಇನ್ನಷ್ಟು ಮೇಲೆ. ನಾಲ್ಕು, ಐದು, ಆರು. ಲ್ಯಾಪ್‌ಟಾಪಿನ ನಕಲಿ ಓಟದಷ್ಟು ಎತ್ತರ ಇರಲಿಲ್ಲ, ಆದರೆ ಒಂದೇ ಒಂದು ಬಿಂದುವೂ ಕೆಳಗೆ ಬರಲಿಲ್ಲ. ದೂರದೇಶದ ಯಂತ್ರದೊಳಗೆ, ಕೆಡಬೇಕಿದ್ದ ಒಂದು ಸ್ಥಿತಿ ನಾನು ಕೇಳಿ ಕೇಳಿ, ತಿದ್ದಿ ತಿದ್ದಿ, ಕೆಡದೆ ಉಳಿದಿತ್ತು. ಸೆಕೆಂಡಿನ ಎಷ್ಟನೆಯ ಪಾಲೋ ಹೆಚ್ಚು ಉಳಿದಿತ್ತು, ಅಷ್ಟೇ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಅಂಗಡಿಯೊಳಗೇ ಎರಡು ಸುತ್ತು ಹಾಕಿದೆ.

"ಪಾಸಾ ಮೇಡಂ?" ಅಂಗಡಿಯವರು ಕೇಳಿದರು.

"ಪಾಸು ಅನ್ಸುತ್ತೆ ರೀ" ಎಂದೆ.

ಗ್ರಾಫನ್ನು ಮಾರ್ಗದರ್ಶಕರಿಗೆ ಕಳಿಸಿ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಈಗ ಇವರನ್ನು ಬಿಡಬಾರದು, ಕೇಳಬೇಕಾದ್ದನ್ನೆಲ್ಲ ಕೇಳಿಯೇ ಬಿಡಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ. ಅವರೇ ಮೊದಲು ಮಾತಾಡಿದರು.

"ಗ್ರಾಫು ನೋಡಿದೆ. ಪ್ರಬಂಧ ಬರೆಯೋಕೆ ಕೂತ್ಕೊಳ್ಳಿ. ವಿಸ್ತರಣೆಗೆ ನಾನೇ ಇವತ್ತು ಪತ್ರ ಕೊಡ್ತೀನಿ" ಎಂದರು. "ನೀವು ಕಳಿಸಿದ ತುಣುಕನ್ನೂ ನೋಡಿದೆ ಮೇಡಂ. ಅದು ನಾನು ಬರೆದದ್ದು. ನಾನು ಪಿಎಚ್‌ಡಿ ಮಾಡುವಾಗ. ಆಗ ಒಂದೇ ಸಲ ತಿದ್ದಿದ್ರೆ ಸಾಕಾಗಿತ್ತು, ಅಳಿಸೋ ಸಾಲು ಹಾಕಲೇ ಇಲ್ಲ. ನಿಮ್ಮ ಕೈಗೆ ಕೊಡುವಾಗಲೂ ನೆನಪಾಗಲಿಲ್ಲ."

ಆರು ವರ್ಷ, ಸ್ಟಾಫ್ ರೂಮಿನ ನಗು, "ಇಲ್ಲಿಗೆ ನಿಲ್ಲಿಸೋಣ", ಎಲ್ಲ ಒಟ್ಟಿಗೆ ಬಾಯಿಗೆ ಬಂದವು. ಸಿಟ್ಟು ಬಂದದ್ದು ನಿಜ. ಆದರೆ ಎದುರಿನ ಪರದೆಯ ಮೇಲೆ ಕೆಂಪು ಗೆರೆ ಇನ್ನೂ ಮೇಲೆಯೇ ಇತ್ತು, ಅದನ್ನು ನೋಡುತ್ತಾ ಬೈಯಲು ನನ್ನಿಂದ ಆಗಲಿಲ್ಲ.

"ಇದನ್ನ ಪ್ರಬಂಧದಲ್ಲಿ ಬರೀಬಹುದಾ ಸರ್?" ಎಂದು ಕೇಳಿದೆ.

"ಯಾವುದನ್ನ?"

"ತಪ್ಪು ಎಲ್ಲಿತ್ತು ಅನ್ನೋದನ್ನ."

"ಮೊದಲನೇ ಅಧ್ಯಾಯದಲ್ಲೇ ಬರೀರಿ" ಎಂದರು. "ಯಾರು ಮಾಡಿದ್ದು ಅಂತಾನೂ ಬರೀರಿ."